ಕಲೆ ಮತ್ತು ಇತಿಹಾಸದ ತಾಣಗಳಿಗೆ ಸಣ್ಣ ಗುಂಪಿನ ಪ್ರವಾಸ: ಆಯ್ಕೆ, ಸಿದ್ಧತೆ ಮತ್ತು ನೋಡುವ ಕ್ರಮದ ಸಮಗ್ರ ಮಾರ್ಗದರ್ಶಿ

ಮಿಲಾನ್ ನಗರದ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಊಟದ ಮನೆಯ ಗೋಡೆಯ ಮೇಲೆ ಲಿಯೊನಾರ್ಡೊ ಡ ವಿಂಚಿ ಬರೆದ 'ಕೊನೆಯ ಭೋಜನ' ಚಿತ್ರವನ್ನು ನೋಡಲು ಒಂದು ತಂಡಕ್ಕೆ ಸಿಗುವ ಅವಧಿ 15 ನಿಮಿಷ. ಹಸಿ ಗಾರೆಯ ಮೇಲೆ ಬರೆಯುವ ರೂಢಿಯನ್ನು ಬಿಟ್ಟು ಒಣಗಿದ ಗೋಡೆಯ ಮೇಲೆ ಬರೆದದ್ದರಿಂದ ಆ ಚಿತ್ರದ ಬಣ್ಣ ಕಲಾವಿದ ಬದುಕಿದ್ದಾಗಲೇ ಉದುರತೊಡಗಿತ್ತು. ಎರಡು ದಶಕಗಳಷ್ಟು ಕಾಲ ನಡೆದ ಸಂರಕ್ಷಣೆಯ ಕೆಲಸ 1999ರಲ್ಲಿ ಮುಗಿದ ಮೇಲೆ, ಧೂಳು ಮತ್ತು ತೇವವನ್ನು ತಡೆಯುವ ಕೋಣೆಗಳನ್ನು ದಾಟಿಸಿ ಜನರನ್ನು ಸಣ್ಣ ಸಣ್ಣ ತಂಡಗಳಲ್ಲಿ ಒಳಬಿಡಲಾಗುತ್ತಿದೆ. ಟಿಕೆಟಿನಲ್ಲಿ ಬರೆದ ಹೊತ್ತಿಗೆ ಬಾಗಿಲಲ್ಲಿ ಇಲ್ಲದವರಿಗೆ ಆ ಅವಕಾಶ ತಪ್ಪಿಹೋಗುತ್ತದೆ.

ತಿಳಿದವರೊಬ್ಬರ ಜೊತೆಯಲ್ಲಿ, ಸಣ್ಣ ಗುಂಪಿನಲ್ಲಿ, ಕಲೆ ಮತ್ತು ಇತಿಹಾಸದ ತಾಣಗಳನ್ನು ನೋಡಬೇಕೆನ್ನುವವರು ತಮ್ಮ ಯೋಜನೆಯನ್ನು ಆರಂಭಿಸಬೇಕಾದದ್ದು ಇಂಥ 15 ನಿಮಿಷಗಳಿಂದಲೇ. ವಿಮಾನ, ವಸತಿ, ಬಸ್ಸು, ಊಟ ಇವೆಲ್ಲವೂ ಒಂದು ಕೃತಿಯ ಮುಂದೆ ಸಮಾಧಾನದಿಂದ ನಿಲ್ಲುವುದಕ್ಕಾಗಿ ಮಾಡಿಕೊಳ್ಳುವ ಏರ್ಪಾಡುಗಳು. ಆದರೆ ಹೆಚ್ಚಿನವರು ಪ್ರವಾಸವನ್ನು ಆರಿಸುವುದು ಇದಕ್ಕೆ ತೀರ ವಿರುದ್ಧವಾದ ಕ್ರಮದಲ್ಲಿ: ಮೊದಲು ರಜೆಯ ದಿನಾಂಕ, ಆಮೇಲೆ ದರ, ಆಮೇಲೆ ಊರುಗಳ ಸಂಖ್ಯೆ, ಕಟ್ಟಕಡೆಗೆ ಅಲ್ಲಿ ನೋಡುವುದೇನು ಎಂಬ ವಿಚಾರ. ಈ ಬರಹ ಆ ಕ್ರಮವನ್ನು ತಿರುಗಿಸಿಕೊಂಡು ಹೊರಡುತ್ತದೆ.

ಮೊದಲು ವಿಷಯ, ಆಮೇಲೆ ಊರು

ಇಟಲಿ ನೋಡಬೇಕು, ಸ್ಪೇನ್ ನೋಡಬೇಕು ಎಂದು ಹೊರಟರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಯಾವುದನ್ನು ಬಿಡಬೇಕೆಂದು ತಿಳಿಯುವುದಿಲ್ಲ. ಅದರ ಬದಲು ಒಂದು ವಿಷಯವನ್ನು ಹಿಡಿದರೆ ಬಿಡಬೇಕಾದದ್ದು ತಾನಾಗಿಯೇ ಬಿಟ್ಟುಹೋಗುತ್ತದೆ. ಉದಾಹರಣೆಗೆ 14ನೆಯ ಶತಮಾನದ ಆರಂಭದ ಇಟಲಿಯ ಭಿತ್ತಿಚಿತ್ರಗಳು ಎಂಬ ವಿಷಯವನ್ನು ತೆಗೆದುಕೊಂಡರೆ, 1305ರ ಸುಮಾರಿಗೆ ಜೊತ್ತೊ ಎಂಬ ಚಿತ್ರಕಾರ ಗೋಡೆಗಳ ಮೇಲೆ ಚಿತ್ರ ಬರೆದು ಮುಗಿಸಿದ ಪಾದುವಾದ ಸ್ಕ್ರೊವೆಗ್ನಿ ಪ್ರಾರ್ಥನಾ ಮಂದಿರ, ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚು ಮತ್ತು ಅಸ್ಸಿಸಿಯ ಸಂತ ಫ್ರಾನ್ಸಿಸನ ಬಸಿಲಿಕಾ ಈ ಮೂರು ಕಂಬಗಳ ಮೇಲೆ ಇಡೀ ಪ್ರವಾಸ ನಿಲ್ಲುತ್ತದೆ. ಅಸ್ಸಿಸಿಯ ಚಿತ್ರಗಳಲ್ಲಿ ಜೊತ್ತೊನ ಕೈ ಎಷ್ಟರಮಟ್ಟಿಗೆ ಇದೆ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಮುಗಿದಿಲ್ಲ. ಪಾದುವಾವನ್ನು ಕಣ್ಣಾರೆ ನೋಡಿದ ಮೇಲೆ ಅಸ್ಸಿಸಿಗೆ ಹೋದ ಗುಂಪು ಆ ಚರ್ಚೆಯಲ್ಲಿ ತಾನೂ ಪಾಲುಗೊಳ್ಳಬಹುದು. ಊರುಗಳ ನಡುವೆ ಇಂಥ ಒಂದು ಎಳೆ ಇದ್ದಾಗ ಮೊದಲ ದಿನ ನೋಡಿದ್ದು ಐದನೆಯ ದಿನಕ್ಕೆ ಉಪಯೋಗಕ್ಕೆ ಬರುತ್ತದೆ.

ವಿಷಯ ದೊಡ್ಡದಾಗಿಯೇ ಇರಬೇಕೆಂದಿಲ್ಲ. 5 ಮತ್ತು 6ನೆಯ ಶತಮಾನಗಳ ಮೊಸಾಯಿಕ್ ಕಲೆಯನ್ನು, ಅಂದರೆ ಬಣ್ಣದ ಕಲ್ಲು ಮತ್ತು ಗಾಜಿನ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳನ್ನು, ನೋಡಲು ಬಯಸುವವರಿಗೆ ಇಟಲಿಯ ರವೆನ್ನಾ ಎಂಬ ಒಂದೇ ಊರು ಸಾಕು. 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿನ ಎಂಟು ಸ್ಮಾರಕಗಳಲ್ಲಿ ಹೆಚ್ಚಿನವನ್ನು ನಡೆದೇ ನೋಡಬಹುದು. ಹಾಗೆಯೇ ಅಜಂತಾ ಮತ್ತು ಎಲ್ಲೋರಾಗಳನ್ನು ಒಟ್ಟಿಗೆ ಹಿಡಿದರೆ, ಬಂಡೆಯೊಳಗೆ ಕೊರೆದ ಬೌದ್ಧ ವಿಹಾರದಿಂದ ಹಿಡಿದು ಬಂಡೆಯನ್ನೇ ಮೇಲಿನಿಂದ ಕೆಳಗೆ ಕಡೆದು ನಿಲ್ಲಿಸಿದ 8ನೆಯ ಶತಮಾನದ ಕೈಲಾಸ ದೇಗುಲದವರೆಗೆ ಒಂದು ಶಿಲ್ಪಪರಂಪರೆಯ ನಡಿಗೆ ಕಾಣುತ್ತದೆ.

ಒಂದು ವಾರದ ಪ್ರವಾಸಕ್ಕೆ ಎರಡು ಅಥವಾ ಮೂರು ತಂಗುದಾಣಗಳು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ದಿನ ಕೋಣೆ ಖಾಲಿ ಮಾಡಿ, ಪೆಟ್ಟಿಗೆ ಕಟ್ಟಿ, ಬಸ್ಸಿಗೇರಿಸಿ, ಹೊಸ ಕೋಣೆಯ ಕೀಲಿಗಾಗಿ ಕಾಯುವ ಕೆಲಸ ಅರ್ಧ ದಿನವನ್ನು ನುಂಗುತ್ತದೆ, ಮತ್ತು ಆ ಅರ್ಧ ದಿನ ನೋಡುವ ಸಮಯದಿಂದಲೇ ಕಳೆದುಹೋಗುತ್ತದೆ. ಒಂದೇ ಊರಿನಲ್ಲಿ ಮೂರು ರಾತ್ರಿ ಉಳಿದವರು ಮೊದಲ ದಿನ ನೋಡಿದ್ದನ್ನು ಮೂರನೆಯ ದಿನ ಇನ್ನೊಮ್ಮೆ ಹೋಗಿ ನೋಡಬಲ್ಲರು. ಕಲಾಕೃತಿಯ ವಿಷಯದಲ್ಲಿ ಎರಡನೆಯ ನೋಟ ಕೊಡುವಷ್ಟನ್ನು ಮೊದಲನೆಯ ನೋಟ ಕೊಡುವುದಿಲ್ಲ.

ಸಣ್ಣ ಗುಂಪು ಎಂದರೆ ಎಷ್ಟು ಜನ

'ಸಣ್ಣ' ಎಂಬ ಮಾತಿಗೆ ಪ್ರವಾಸೋದ್ಯಮದಲ್ಲಿ ಒಪ್ಪಿತವಾದ ಅಳತೆ ಇಲ್ಲ. ಒಂದು ಸಂಸ್ಥೆ 8 ಜನರನ್ನು ಸಣ್ಣ ಗುಂಪೆನ್ನುತ್ತದೆ, ಇನ್ನೊಂದು 28 ಜನರನ್ನು. ಆದ್ದರಿಂದ ಹಣ ಕಟ್ಟುವ ಮೊದಲು ಗುಂಪಿನ ಗರಿಷ್ಠ ಸಂಖ್ಯೆಯನ್ನೂ, ಎಷ್ಟು ಜನ ಸೇರದಿದ್ದರೆ ಪ್ರವಾಸ ರದ್ದಾಗುತ್ತದೆ ಎಂಬ ಕನಿಷ್ಠ ಸಂಖ್ಯೆಯನ್ನೂ ಬರಹದಲ್ಲಿ ಕೇಳಿ ಪಡೆಯಬೇಕು. ಪ್ರವಾಸಿಗಳ ಒತ್ತಡದಿಂದ ಬಳಲಿದ ನಗರಗಳು ಈಗ ತಾವೇ ಅಳತೆ ಹಾಕತೊಡಗಿವೆ. ಆಮ್‌ಸ್ಟರ್‌ಡಾಮ್ ತನ್ನ ಹಳೆಯ ನಗರಭಾಗದಲ್ಲಿ ಮಾರ್ಗದರ್ಶಿ ಗುಂಪುಗಳನ್ನು 2020ರಿಂದ 15 ಜನಕ್ಕೆ ಮಿತಿಗೊಳಿಸಿದೆ. ವೆನಿಸ್ 2024ರಲ್ಲಿ 25ರ ಮಿತಿ ಹಾಕಿ ಧ್ವನಿವರ್ಧಕಗಳನ್ನೂ ನಿಷೇಧಿಸಿತು. ಈ ಸಂಖ್ಯೆಗಳು ಬೀದಿಯಲ್ಲಿ ನಡೆಯುವ ಗುಂಪಿಗೆ ಸಂಬಂಧಿಸಿದವು. ಒಂದು ಕೃತಿಯ ಮುಂದೆ ನಿಂತು ನೋಡುವ ಗುಂಪು ಇದಕ್ಕಿಂತಲೂ ಚಿಕ್ಕದಾಗಿರಬೇಕು.

ಇದರ ಕಾರಣ ಸರಳವಾದದ್ದು. ಮಾರ್ಗದರ್ಶಕರ ಸಹಜ ದನಿ, ಎತ್ತರಿಸದೆ, ಸುತ್ತ ನಿಂತವರಿಗೆ ಕೇಳಬೇಕು. ಅವರ ಕೈಬೆರಳು ತೋರಿಸುವ ಮೂಲೆ ಎಲ್ಲರಿಗೂ ಕಾಣಬೇಕು. ಕೊನೆಯಲ್ಲಿ ನಿಂತವರೂ ಪ್ರಶ್ನೆ ಕೇಳುವಷ್ಟು ಹತ್ತಿರವಿರಬೇಕು. ಹನ್ನೆರಡು ಜನರವರೆಗೆ ಇದು ಸಾಧ್ಯ, ಹದಿನಾರಕ್ಕೆ ಕಷ್ಟ, ಇಪ್ಪತ್ತು ದಾಟಿದರೆ ಕಿವಿಗೆ ಹಾಕಿಕೊಳ್ಳುವ ರೇಡಿಯೊ ಇಲ್ಲದೆ ಆಗದು. ಆ ಸಾಧನದಿಂದ ಮಾತು ಕೇಳುತ್ತದೆ, ನಿಜ, ಮತ್ತು ಮೌನ ಕಡ್ಡಾಯವಾದ ಕಡೆಗಳಲ್ಲಿ ಅದು ಬೇಕೇ ಬೇಕು. ಆದರೆ ಅದನ್ನು ಹಾಕಿಕೊಂಡ ಗುಂಪು ಚದುರಿ ನಿಲ್ಲುತ್ತದೆ, ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ, ಪ್ರಶ್ನೆಗಳು ನಿಂತುಹೋಗುತ್ತವೆ. ಇನ್ನೊಂದು ತುದಿಯಲ್ಲಿ, ಆರಕ್ಕಿಂತ ಕಡಿಮೆ ಜನರಿದ್ದರೆ ತಲಾ ಖರ್ಚು ಏರುವುದರ ಜೊತೆಗೆ ಗುಂಪಿನೊಳಗಿನ ಚರ್ಚೆಯೂ ತೆಳುವಾಗುತ್ತದೆ. ಎಂಟರಿಂದ ಹದಿನಾಲ್ಕು ಜನರ ಗುಂಪು ಈ ಬಗೆಯ ಪ್ರವಾಸಕ್ಕೆ ಹೇಳಿಮಾಡಿಸಿದಂತಿರುತ್ತದೆ.

ದಿನಚರಿಯ ಹಾಳೆಯನ್ನು ಓದುವ ಬಗೆ

ಪ್ರವಾಸ ಸಂಸ್ಥೆ ಕೊಡುವ ದಿನಚರಿಯನ್ನು ಕರಾರುಪತ್ರ ಓದುವಷ್ಟು ಎಚ್ಚರದಿಂದ ಓದಬೇಕು, ಅದರಲ್ಲೂ ಕ್ರಿಯಾಪದಗಳನ್ನು. 'ಒಳಗೆ ಹೋಗಿ ನೋಡುವುದು', 'ಭೇಟಿ', 'ದರ್ಶನ', 'ಹೊರನೋಟ', 'ಮಾರ್ಗಮಧ್ಯದಲ್ಲಿ ಕಾಣುವುದು' ಇವು ಬೇರೆ ಬೇರೆ ಸಂಗತಿಗಳು. ಟಿಕೆಟಿನ ದರ ಒಳಗೊಂಡಿದೆ ಎಂದು ಬರೆಯದ ಕಡೆ ನೀವು ಬಸ್ಸಿನ ಕಿಟಕಿಯಿಂದ ಗೋಪುರವನ್ನು ಕಂಡು ಮುಂದೆ ಹೋಗುವ ಸಾಧ್ಯತೆಯೇ ಹೆಚ್ಚು. ಪ್ರತಿ ತಾಣದ ಎದುರು ಒಳಗೆ ಎಷ್ಟು ಹೊತ್ತು, ಯಾರ ವಿವರಣೆ, ಯಾವ ಹೊತ್ತಿನ ಟಿಕೆಟ್ ಎಂಬ ಮೂರು ವಿವರಗಳನ್ನು ಕೇಳಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಉತ್ತರ ಕೊಡಲು ತಡವರಿಸುವ ಸಂಸ್ಥೆ ಆ ಕೆಲಸವನ್ನು ಇನ್ನೂ ಮಾಡಿಲ್ಲ ಎಂದೇ ತಿಳಿಯಬೇಕು.

ಆಮೇಲೆ ಗಂಟೆಗಳನ್ನು ಕೂಡಿಸಿ ನೋಡಬೇಕು. ಬೆಳಿಗ್ಗೆ ವೆನಿಸ್, ಮಧ್ಯಾಹ್ನ ಪಾದುವಾ, ಸಂಜೆ ವೆರೋನಾ ಎಂದು ಬರೆದ ಒಂದು ದಿನವನ್ನು ಊಹಿಸಿಕೊಳ್ಳಿ. ಈ ಊರುಗಳು ಒಂದರಿಂದೊಂದು ದೂರವಿಲ್ಲ, ರೈಲಿನಲ್ಲಿ ವೆನಿಸ್‌ನಿಂದ ಪಾದುವಾಕ್ಕೆ ಸುಮಾರು ಅರ್ಧ ಗಂಟೆ. ಆದರೆ ವಸತಿಗೃಹದಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ತಾಣಕ್ಕೆ ನಡೆಯುವುದು, ಸಾಮಾನು ಇಡುವುದು, ಶೌಚಾಲಯದ ಸಾಲು, ಊಟ, ಭದ್ರತಾ ತಪಾಸಣೆ ಇವನ್ನು ಕಳೆದರೆ ಹತ್ತು ಗಂಟೆಯ ದಿನದಲ್ಲಿ ನೋಡಲು ಉಳಿಯುವುದು ಮೂರು ಗಂಟೆಯೂ ಇಲ್ಲ. ಅದರಲ್ಲಿ ಸ್ಕ್ರೊವೆಗ್ನಿ ಮಂದಿರವೊಂದಕ್ಕೇ, ಒಳಗಿನ ಗಾಳಿಯ ತೇವ ಸಮಸ್ಥಿತಿಗೆ ಬರುವ ತನಕ ಗಾಜಿನ ಕೋಣೆಯಲ್ಲಿ ಕಾಯುವ ಕಾಲು ಗಂಟೆಯೂ, ಚಿತ್ರಗಳ ನಡುವೆ ನಿಲ್ಲುವ ಕಾಲು ಗಂಟೆಯೂ ಸೇರಿ ಅರ್ಧ ಗಂಟೆ ಬೇಕು. ಕಾಯುವ ಆ ಕಾಲು ಗಂಟೆಯನ್ನು ಚೆನ್ನಾದ ಮಾರ್ಗದರ್ಶಕರು ವ್ಯರ್ಥ ಮಾಡುವುದಿಲ್ಲ. ಚಿತ್ರಗಳ ಸಾಲು ಎಲ್ಲಿಂದ ಶುರುವಾಗಿ ಹೇಗೆ ಸುತ್ತಿ ಇಳಿಯುತ್ತದೆ ಎಂಬುದನ್ನು ಅಲ್ಲಿಯೇ ಹೇಳಿ ಮುಗಿಸಿ, ಒಳಗೆ ಕಣ್ಣಿಗೆ ಬಿಡುವು ಕೊಡುತ್ತಾರೆ.

ರಜಾದಿನಗಳನ್ನು ನೀವೇ ಪರಿಶೀಲಿಸಿ. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯ ಮಂಗಳವಾರ ಮುಚ್ಚಿರುತ್ತದೆ, ಅದೇ ಊರಿನ ಓರ್ಸೆ ಸಂಗ್ರಹಾಲಯ ಸೋಮವಾರ. ಫ್ಲಾರೆನ್ಸಿನ ಉಫಿತ್ಸಿ ಸೋಮವಾರ, ತಾಜ್ ಮಹಲ್ ಶುಕ್ರವಾರ, ಅಜಂತಾ ಸೋಮವಾರ, ಎಲ್ಲೋರಾ ಮಂಗಳವಾರ. ಅಜಂತಾ ಮತ್ತು ಎಲ್ಲೋರಾಗಳಿಗೆ ಸೋಮವಾರ ಮತ್ತು ಮಂಗಳವಾರ ಎಂದು ಎರಡು ದಿನ ಇಟ್ಟುಕೊಂಡ ಗುಂಪು ಸೋಮವಾರ ಎಲ್ಲೋರಾ, ಮಂಗಳವಾರ ಅಜಂತಾ ಎಂದು ಕ್ರಮ ಬದಲಿಸಿಕೊಂಡರೆ ಎರಡೂ ಸಿಗುತ್ತವೆ, ಬದಲಿಸದಿದ್ದರೆ ಎರಡೂ ತಪ್ಪುತ್ತವೆ. ಜೀರ್ಣೋದ್ಧಾರದ ಕೆಲಸಕ್ಕಾಗಿ ಮುಚ್ಚಿದ ಭಾಗಗಳು, ಎರವಲಾಗಿ ಬೇರೆ ದೇಶದ ಪ್ರದರ್ಶನಕ್ಕೆ ಹೋಗಿರುವ ಕೃತಿಗಳು ಇವನ್ನು ಆಯಾ ಸಂಸ್ಥೆಯ ಅಧಿಕೃತ ಪ್ರಕಟಣೆಯಲ್ಲಿ ಹೊರಡುವ ಮುಂಚಿನ ವಾರದಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು.

ಸಮಯ ನಿಗದಿಯಾದ ಟಿಕೆಟುಗಳ ವಿಷಯ ಇನ್ನೂ ಬಿಗಿಯಾದದ್ದು. ಸ್ಪೇನಿನ ಗ್ರಾನಡಾದ ಅಲಾಂಬ್ರಾ ಕೋಟೆಯಲ್ಲಿ ನಾಸ್ರಿದ್ ಅರಮನೆಗಳ ಪ್ರವೇಶದ ಹೊತ್ತನ್ನು ಟಿಕೆಟಿನಲ್ಲಿಯೇ ಮುದ್ರಿಸಿರುತ್ತಾರೆ, ಟಿಕೆಟಿನ ಹೆಸರನ್ನು ಗುರುತಿನ ಪತ್ರದೊಂದಿಗೆ ತಾಳೆ ನೋಡುತ್ತಾರೆ. ರೋಮ್‌ನ ಬೊರ್ಗೇಸೆ ಗ್ಯಾಲರಿಯಲ್ಲಿ ಎರಡು ಗಂಟೆಗಳ ಸರದಿ, ಅದು ಮುಗಿದೊಡನೆ ಎಲ್ಲರೂ ಹೊರಗೆ. ಅಥೆನ್ಸ್‌ನ ಅಕ್ರೋಪೊಲಿಸ್‌ಗೆ 2023ರಿಂದ ದಿನಕ್ಕೆ 20,000 ಜನರ ಮಿತಿಯೂ ಗಂಟೆವಾರು ಪ್ರವೇಶವೂ ಬಂದಿವೆ. ಈ ಬಗೆಯ ತಾಣ ನಿಮ್ಮ ಪ್ರವಾಸದ ಮುಖ್ಯ ಉದ್ದೇಶವಾಗಿದ್ದರೆ, ಅದರ ಟಿಕೆಟ್ ಕೈಗೆ ಬಂದಿದೆಯೇ ಎಂದು ಕೇಳಿ ತಿಳಿದ ಮೇಲೆಯೇ ವಿಮಾನದ ಟಿಕೆಟಿಗೆ ಹಣ ಕಟ್ಟುವುದು ಕ್ಷೇಮ.

ದಿನಚರಿಯಲ್ಲಿ ಹೆಚ್ಚಿನವರು ಗಮನಿಸದೆ ಬಿಡುವ ಒಂದು ಅಂಶ ಬೆಳಕು. ಕಾಂಬೋಡಿಯಾದ 12ನೆಯ ಶತಮಾನದ ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದ ದೇಗುಲ. ಸೂರ್ಯೋದಯಕ್ಕೆ ಅಲ್ಲಿ ನಿಂತವರಿಗೆ ಗೋಪುರಗಳ ಕಪ್ಪು ನೆರಳು ಅಂದವಾಗಿ ಕಾಣುತ್ತದೆಯೇ ಹೊರತು ಮುಂಭಾಗದ ಕೆತ್ತನೆ ಕಾಣುವುದಿಲ್ಲ. ಅದನ್ನು ನೋಡಲು ಮಧ್ಯಾಹ್ನದ ನಂತರದ ಇಳಿಬಿಸಿಲು ಬೇಕು. ಆದರೆ ಸಮುದ್ರಮಥನದ ಸುಮಾರು 49 ಮೀಟರ್ ಉದ್ದದ ಉಬ್ಬುಶಿಲ್ಪ ಇರುವುದು ಪೂರ್ವದ ಮೊಗಸಾಲೆಯಲ್ಲಿ, ಆದ್ದರಿಂದ ಅದಕ್ಕೆ ಬೆಳಗಿನ ಹೊತ್ತು ಸರಿ. ಒಂದೇ ದೇಗುಲಕ್ಕೆ ಎರಡು ಹೊತ್ತು ಹೋಗುವ ಏರ್ಪಾಡು ಇರುವ ದಿನಚರಿಯನ್ನು ಕಂಡರೆ ಅದನ್ನು ಬರೆದವರಿಗೆ ಆ ಜಾಗ ಗೊತ್ತಿದೆ ಎಂದು ನಂಬಬಹುದು.

ಮಾರ್ಗದರ್ಶಕರ ವಿಚಾರ

ಇಂಥ ಪ್ರವಾಸಗಳಲ್ಲಿ ಮೂರು ಬಗೆಯ ಜನ ಕೆಲಸ ಮಾಡುತ್ತಾರೆ. ವಸತಿ, ಟಿಕೆಟ್, ಹೊತ್ತು ಇವನ್ನು ನೋಡಿಕೊಳ್ಳುವ ಟೂರ್ ಮ್ಯಾನೇಜರ್ ಒಬ್ಬರು. ಇಡೀ ಪ್ರವಾಸದುದ್ದಕ್ಕೂ ಜೊತೆಯಲ್ಲಿದ್ದು ವಿಷಯವನ್ನು ವಿವರಿಸುವ ತಜ್ಞರು ಇನ್ನೊಬ್ಬರು, ಸಾಮಾನ್ಯವಾಗಿ ಕಲಾ ಇತಿಹಾಸ ಅಥವಾ ಪುರಾತತ್ತ್ವವನ್ನು ಓದಿದವರು. ಮೂರನೆಯವರು ಆಯಾ ಊರಿನ ಪರವಾನಗಿ ಪಡೆದ ಸ್ಥಳೀಯ ಗೈಡ್. ಟರ್ಕಿಯಂಥ ದೇಶಗಳಲ್ಲಿ ಪರವಾನಗಿ ಇಲ್ಲದವರು ಸ್ಮಾರಕದೊಳಗೆ ಗುಂಪಿಗೆ ವಿವರಣೆ ಕೊಡುವಂತಿಲ್ಲ, ಬ್ರಿಟನ್ನಿನಲ್ಲಿ ಬ್ಲೂ ಬ್ಯಾಡ್ಜ್ ಎಂಬ ಅರ್ಹತೆಗೆ ಹೆಚ್ಚಿನ ಮನ್ನಣೆಯಿದೆ. ದರ ಕಡಿಮೆಯಿರುವ ಪ್ರವಾಸಗಳಲ್ಲಿ ಮೊದಲಿನ ಎರಡೂ ಕೆಲಸಗಳನ್ನು ಒಬ್ಬರ ಮೇಲೆಯೇ ಹೊರಿಸುತ್ತಾರೆ. ಆಗ ವಿವರಣೆಯ ನಡುವೆ ಬಸ್ಸಿನ ಚಾಲಕರ ಫೋನು ಬರುತ್ತದೆ, ಮಾತು ತುಂಡಾಗುತ್ತದೆ. ಖರ್ಚು ಕಡಿಮೆ ಮಾಡಲೇಬೇಕಾದರೆ ವಸತಿಗೃಹದ ದರ್ಜೆಯಲ್ಲಿ ಮಾಡಿ, ತಜ್ಞರ ವಿಷಯದಲ್ಲಿ ಬೇಡ.

ಸಂಸ್ಥೆಯವರಿಗೆ ಕೇಳಬೇಕಾದ ಪ್ರಶ್ನೆಗಳು ನೇರವಾಗಿರಲಿ. ತಜ್ಞರ ಹೆಸರೇನು, ಅವರು ಈ ವಿಷಯದ ಮೇಲೆ ಏನು ಕೆಲಸ ಮಾಡಿದ್ದಾರೆ, ಇದೇ ದಾರಿಯಲ್ಲಿ ಹಿಂದೆ ಗುಂಪನ್ನು ಕರೆದೊಯ್ದಿದ್ದಾರೆಯೇ, ಅವರು ಬರಲಾಗದಿದ್ದರೆ ಬದಲಿಗೆ ಯಾರು, ಹೊರಡುವ ಮೊದಲು ಒಂದು ಆನ್‌ಲೈನ್ ಉಪನ್ಯಾಸ ಕೇಳಬಹುದೇ? ಕೊನೆಯ ಪ್ರಶ್ನೆ ಬಹಳ ಉಪಯುಕ್ತ. ಅರ್ಧ ಗಂಟೆ ಮಾತು ಕೇಳಿದರೆ ಆ ವ್ಯಕ್ತಿ ಇಸವಿಗಳನ್ನು ಒಪ್ಪಿಸುವವರೋ ಕಣ್ಣು ತೆರೆಸುವವರೋ ಎಂಬುದು ಗೊತ್ತಾಗುತ್ತದೆ.

ನಿಜವಾಗಿ ತಿಳಿದವರು ಜಾಗವನ್ನು ಅದರದೇ ಕ್ರಮದಲ್ಲಿ ನಡೆಸುತ್ತಾರೆ. ಜಾವಾದ ಬೊರೊಬುದೂರ್ ಸ್ತೂಪದಲ್ಲಿ ಕಥೆ ಹೇಳುವ 1,460 ಫಲಕಗಳಿವೆ. ಮೊದಲ ಮೊಗಸಾಲೆಯಲ್ಲಿ ಬುದ್ಧನ ಜೀವನದ ಕಥೆ ಪೂರ್ವದ ಮೆಟ್ಟಿಲಿನಿಂದ ಆರಂಭವಾಗಿ ಪ್ರದಕ್ಷಿಣಾಕಾರದಲ್ಲಿ ಸಾಗುತ್ತದೆ. ಬೇರೆ ಬಾಗಿಲಿನಿಂದ ಹತ್ತಿಸಿ ಬಲಕ್ಕೆ ತಿರುಗಿಸಿದರೆ ಕಥೆ ನಡುವಿನಿಂದ ಶುರುವಾಗಿ ಹಿಂದಕ್ಕೆ ಓಡುತ್ತದೆ. ಅಂಕೋರ್ ವಾಟ್‌ನ ಹೊರ ಮೊಗಸಾಲೆಯ ಶಿಲ್ಪಗಳನ್ನು ನೋಡಬೇಕಾದದ್ದು ಇದಕ್ಕೆ ವಿರುದ್ಧವಾಗಿ, ಅಪ್ರದಕ್ಷಿಣೆಯಲ್ಲಿ. ಪಶ್ಚಿಮ ದ್ವಾರದಿಂದ ಬಲಕ್ಕೆ ತಿರುಗಿದರೆ ಮೊದಲು ಕುರುಕ್ಷೇತ್ರ ಯುದ್ಧ, ದಕ್ಷಿಣದಲ್ಲಿ ದೇಗುಲವನ್ನು ಕಟ್ಟಿಸಿದ ರಾಜ ಎರಡನೆಯ ಸೂರ್ಯವರ್ಮನ ಮೆರವಣಿಗೆ, ಸ್ವರ್ಗ ನರಕಗಳು, ಪೂರ್ವಕ್ಕೆ ಬಂದಾಗ ಸಮುದ್ರಮಥನ. ಈ ಅಪ್ರದಕ್ಷಿಣೆ ಮತ್ತು ಪಶ್ಚಿಮದ ಮುಖ ಎರಡನ್ನೂ ಸೇರಿಸಿ, ಈ ದೇಗುಲಕ್ಕೂ ರಾಜನ ಮರಣಾನಂತರದ ವಿಧಿಗಳಿಗೂ ಸಂಬಂಧವಿದೆ ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ಸುಮ್ಮನೆ ನಡೆದ ದಿಕ್ಕೇ ಒಂದು ವಾದದ ಆಧಾರವಾಗುವ ಇಂಥ ಕಡೆ ಮಾರ್ಗದರ್ಶಕರ ಬೆಲೆ ತಿಳಿಯುತ್ತದೆ.

ಹಣ, ಕಾಗದಪತ್ರ, ವಿಮೆ

ಪ್ರಕಟಿಸಿದ ದರ ಸಾಮಾನ್ಯವಾಗಿ ಇಬ್ಬರು ಒಂದು ಕೋಣೆ ಹಂಚಿಕೊಳ್ಳುವ ಲೆಕ್ಕದ್ದು. ಒಬ್ಬರೇ ಕೋಣೆ ಬೇಕೆಂದರೆ ಹೆಚ್ಚುವರಿ ಮೊತ್ತ ಎಷ್ಟೆಂದು ಮೊದಲೇ ಕೇಳಿ. ಸ್ಮಾರಕಗಳ ಪ್ರವೇಶ, ಸ್ಥಳೀಯ ಸಾರಿಗೆ, ಯಾವ ಯಾವ ಊಟ ಇವು ಸೇರಿವೆಯೇ ಎಂಬುದನ್ನು ಪಟ್ಟಿಯಾಗಿ ಪಡೆಯಿರಿ. ರದ್ದತಿಯ ನಿಯಮವನ್ನು ಎರಡೂ ಕಡೆಯಿಂದ ಓದಬೇಕು: ನೀವು ರದ್ದು ಮಾಡಿದರೆ ಎಷ್ಟು ಕಳೆದುಕೊಳ್ಳುತ್ತೀರಿ, ಅವರು ರದ್ದು ಮಾಡಿದರೆ ಎಷ್ಟು ದಿನದೊಳಗೆ ಹಣ ಮರಳುತ್ತದೆ. ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ ಸಂಸ್ಥೆ ದಿವಾಳಿಯಾದರೆ ಪ್ರಯಾಣಿಕರ ಹಣಕ್ಕೆ ರಕ್ಷಣೆ ಇರಬೇಕು, ಮತ್ತು ದರವನ್ನು ಶೇಕಡ 8ಕ್ಕಿಂತ ಹೆಚ್ಚು ಏರಿಸಿದರೆ ಪ್ರಯಾಣಿಕರು ದಂಡವಿಲ್ಲದೆ ಹಿಂದೆ ಸರಿಯಬಹುದು. ನಿಮ್ಮ ಸಂಸ್ಥೆ ಯಾವ ದೇಶದ ಕಾನೂನಿಗೆ ಒಳಪಟ್ಟಿದೆ ಎಂದು ಕೇಳುವುದು ಈ ಕಾರಣಕ್ಕೆ.

ಪಾಸ್‌ಪೋರ್ಟಿಗೆ ಪ್ರವಾಸದ ನಂತರವೂ 6 ತಿಂಗಳ ಅವಧಿ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕಾದವರು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯನ್ನು ತೋರಿಸಬೇಕು. ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಎಲ್ಲ ಟಿಕೆಟುಗಳಲ್ಲಿಯೂ ಇರಲಿ.

ದೇಹದ ಸಿದ್ಧತೆ

ಕಲಾ ಪ್ರವಾಸ ಕೂತು ಮಾಡುವ ಪ್ರವಾಸ ಎಂದು ಭಾವಿಸುವವರಿದ್ದಾರೆ. ನಡೆಯುವುದಕ್ಕಿಂತ ಕಷ್ಟವಾದದ್ದು ಕಲ್ಲಿನ ನೆಲದ ಮೇಲೆ ನಿಂತಿರುವುದು. ಬಾಸ್ಟನ್ನಿನ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿಯೇ 'ಮ್ಯೂಸಿಯಂ ಆಯಾಸ'ದ ಬಗ್ಗೆ ಬರೆದು, ಪ್ರದರ್ಶನದ ಪೆಟ್ಟಿಗೆಗಳನ್ನು ನೋಡಲು ಮನುಷ್ಯ ಎಷ್ಟು ಬಾಗಬೇಕು, ಕುಕ್ಕರಿಸಬೇಕು ಎಂಬುದನ್ನು ಛಾಯಾಚಿತ್ರಗಳಲ್ಲಿ ತೋರಿಸಿದರು. ಒಂದೂವರೆ ಗಂಟೆ ನೋಡಿದ ಮೇಲೆ ಅರ್ಧ ಗಂಟೆ ಕೂರುವ ಅವಕಾಶ ಇಲ್ಲದ ದಿನಚರಿಯನ್ನು ಒಪ್ಪಬೇಡಿ. ಮೆಟ್ಟಿಲುಗಳ ಸಂಖ್ಯೆ, ಲಿಫ್ಟ್ ಇದೆಯೇ, ಒಮ್ಮೆಗೆ ಎಷ್ಟು ಹೊತ್ತು ನಿಲ್ಲಬೇಕು ಎಂದು ಸಂಕೋಚವಿಲ್ಲದೆ ಕೇಳಿ. ಹೊಸ ಪಾದರಕ್ಷೆಯನ್ನು ಪ್ರವಾಸಕ್ಕೆ ಮೂರು ವಾರ ಮೊದಲೇ ಹಾಕಿ ನಡೆದು ಕಾಲಿಗೆ ಹೊಂದಿಸಿಕೊಳ್ಳಿ. ಎಂಟು ಪಟ್ಟು ಹಿಗ್ಗಿಸುವ ಸಣ್ಣ ದುರ್ಬೀನು ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ವ್ಯಾಟಿಕನ್‌ನ ಸಿಸ್ಟೀನ್ ಮಂದಿರದ ಚಿತ್ರಗಳಿರುವ ಛಾವಣಿ ನೆಲದಿಂದ ಸುಮಾರು 20 ಮೀಟರ್ ಎತ್ತರದಲ್ಲಿದೆ, ಬರಿಗಣ್ಣಿಗೆ ಅಲ್ಲಿನ ಮುಖಗಳ ಭಾವ ಪೂರ್ತಿ ಕಾಣುವುದಿಲ್ಲ.

ಓದಿನ ಸಿದ್ಧತೆ

ಹತ್ತು ಪುಸ್ತಕ ಓದಬೇಕಾಗಿಲ್ಲ. ಒಂದು ಹಾಳೆಯಲ್ಲಿ ಕಾಲರೇಖೆ ಬರೆದುಕೊಳ್ಳಿ, ನೋಡಲಿರುವ ಪ್ರತಿ ಕೃತಿಯನ್ನೂ ಅದರಲ್ಲಿ ಗುರುತಿಸಿ. ಮುಖ್ಯ ಕಟ್ಟಡಗಳ ತಳನಕ್ಷೆಯನ್ನು ಒಮ್ಮೆಯಾದರೂ ಕೈಯಾರೆ ಬರೆಯಿರಿ, ದಿಕ್ಕುಗಳ ಸಮೇತ. ಕೈಯಿಂದ ಬರೆದ ನಕ್ಷೆ ಕಾಲಿಗೂ ನೆನಪಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕಥೆಗಳನ್ನು ತಿಳಿದುಕೊಳ್ಳಿ. ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಜಾತಕ ಕಥೆ ಗೊತ್ತಿಲ್ಲದವರಿಗೆ ಅಜಂತಾದ ಗೋಡೆ ಬಣ್ಣಬಣ್ಣದ ಜನಸಂದಣಿ. ಬೈಬಲ್ಲಿನ ಪ್ರಸಂಗಗಳು ತಿಳಿಯದಿದ್ದರೆ ಇಟಲಿಯ ಚರ್ಚುಗಳ ಅರ್ಧ ಭಾಗ ಮೂಕವಾಗಿ ಉಳಿಯುತ್ತದೆ. ಕಥೆ ಮೊದಲೇ ತಿಳಿದಿದ್ದರೆ ಮಾರ್ಗದರ್ಶಕರು ಅದನ್ನು ಹೇಳುವುದರಲ್ಲಿ ಸಮಯ ಕಳೆಯದೆ, ಕಲಾವಿದ ಅದನ್ನು ಹೇಗೆ ಬದಲಿಸಿದ ಎಂಬುದಕ್ಕೆ ನೇರವಾಗಿ ಬರಬಹುದು.

ಕೃತಿಯ ಮುಂದೆ ನಿಂತಾಗ

ಇಡೀ ಪ್ರವಾಸ ಈ ಗಳಿಗೆಗಾಗಿಯೇ ಇರುವುದರಿಂದ ಇದನ್ನು ಒಂದು ಉದಾಹರಣೆಯ ಮೂಲಕ ನಿಧಾನವಾಗಿ ನೋಡೋಣ. ರೋಮ್‌ನ ಸಾನ್ ಲುಯಿಜಿ ದೆಯಿ ಫ್ರಾನ್ಚೇಸಿ ಚರ್ಚಿನಲ್ಲಿ, ಬಲಿಪೀಠದ ಕಡೆಗೆ ಹೋಗುವಾಗ ಎಡಗಡೆಯ ಕಟ್ಟಕಡೆಯ ಕಿರುಮಂದಿರದಲ್ಲಿ, ಸಂತ ಮತ್ತಾಯನ ಕುರಿತು ಕರವಾಜ್ಜೊ 1599ರಿಂದ 1602ರ ನಡುವೆ ಬರೆದ ಮೂರು ಚಿತ್ರಗಳಿವೆ. ಮಂದಿರ ಇಕ್ಕಟ್ಟಾದದ್ದು, ಒಳಗೆ ಪ್ರವೇಶವಿಲ್ಲ, ಕಟಕಟೆಯ ಹೊರಗೆ ನಿಂತು ಪಕ್ಕದ ಗೋಡೆಗಳನ್ನು ಓರೆಯಾಗಿ ನೋಡಬೇಕು. ಹತ್ತು ಹನ್ನೆರಡು ಜನ ನಿಂತರೆ ಜಾಗ ತುಂಬುತ್ತದೆ. ಮೂವತ್ತು ಜನರ ಗುಂಪಿನಲ್ಲಿ ಬಂದವರಲ್ಲಿ ಹೆಚ್ಚಿನವರಿಗೆ ಮುಂದಿನವರ ತಲೆ ಕಾಣುತ್ತದೆ. ಗೋಡೆಯ ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ.

ಮೊದಲು ಎರಡು ನಿಮಿಷ ಯಾರೂ ಮಾತಾಡದೆ ನೋಡಬೇಕು. ಎಡಗೋಡೆಯ ಚಿತ್ರ, ಸುಂಕದವನಾಗಿದ್ದ ಮತ್ತಾಯನನ್ನು ಕ್ರಿಸ್ತ ತನ್ನ ಶಿಷ್ಯನಾಗೆಂದು ಕರೆದ ಪ್ರಸಂಗದ್ದು. ಅದರಲ್ಲಿ ಸುಂಕ ವಸೂಲಿಯ ಮೇಜಿನ ಸುತ್ತ ಐವರಿದ್ದಾರೆ. ಬಲಗಡೆಯಿಂದ ಕ್ರಿಸ್ತ ಒಳಬಂದು ಕೈ ಚಾಚಿದ್ದಾನೆ, ಅವನ ತಲೆಯ ಮೇಲಿಂದ ಬೆಳಕಿನ ಓರೆಪಟ್ಟಿ ಗೋಡೆಗೆ ಬಿದ್ದಿದೆ. ಎರಡು ನಿಮಿಷ ಕಳೆದ ಮೇಲೆ ತಜ್ಞರು ಕೇಳಬೇಕಾದ ಪ್ರಶ್ನೆ, ಈ ಬೆಳಕು ಎಲ್ಲಿಂದ ಬಂತು ಎಂಬುದು. ಚಿತ್ರದಿಂದ ಕಣ್ಣು ತೆಗೆದು ಬಲಕ್ಕೆ ನೋಡಿದರೆ ಬಲಿಪೀಠದ ಮೇಲೆ ನಿಜವಾದ ಕಿಟಕಿ ಇದೆ. ಚಿತ್ರದ ಬೆಳಕೂ ಆ ಕಡೆಯಿಂದಲೇ ಬರುವಂತೆ ಕಲಾವಿದ ಬರೆದಿದ್ದಾನೆ. ಇದು ಮುದ್ರಿತ ಪ್ರತಿಯಲ್ಲಾಗಲಿ ಪರದೆಯ ಮೇಲಾಗಲಿ ಎಂದಿಗೂ ತಿಳಿಯದ ಸಂಗತಿ, ಆ ಗೋಡೆಯ ಮುಂದೆಯೇ ನಿಲ್ಲಬೇಕು. ಆಮೇಲೆ ಎರಡನೆಯ ಪ್ರಶ್ನೆ: ಇವರಲ್ಲಿ ಮತ್ತಾಯ ಯಾರು? ಬೆರಳು ತೋರಿಸುತ್ತಿರುವ ಗಡ್ಡದವನೋ, ಮೇಜಿನ ತುದಿಯಲ್ಲಿ ತಲೆ ಬಗ್ಗಿಸಿ ನಾಣ್ಯ ಎಣಿಸುತ್ತಿರುವ ಯುವಕನೋ? ವಿದ್ವಾಂಸರಲ್ಲಿಯೇ ಎರಡು ಪಕ್ಷಗಳಿವೆ. ಗುಂಪಿನಲ್ಲಿಯೂ ಎರಡು ಪಕ್ಷಗಳಾಗಲಿ, ಪ್ರತಿಯೊಬ್ಬರೂ ತಮ್ಮ ಕಾರಣವನ್ನು ಚಿತ್ರದೊಳಗಿನಿಂದಲೇ ಎತ್ತಿ ತೋರಿಸಲಿ. ಸಣ್ಣ ಗುಂಪಿಗೆ ಮಾತ್ರ ಸಿಗುವ ಸುಖ ಇದು. ಕಡೆಗೆ ಮತ್ತೆ ಎರಡು ನಿಮಿಷ ಮೌನವಾಗಿ ನೋಡಿ ಹೊರಡಬೇಕು.

ಈ ಕ್ರಮವನ್ನೇ ಬೇರೆಡೆಗೂ ಹೊಂದಿಸಿಕೊಳ್ಳಬಹುದು, ಕೃತಿಯ ಗುಣಕ್ಕೆ ತಕ್ಕ ಒಂದು ಚಲನೆಯನ್ನು ಸೇರಿಸಿಕೊಂಡು. ಮದ್ರಿದ್‌ನ ಪ್ರಾದೊ ಸಂಗ್ರಹಾಲಯದಲ್ಲಿ ವೆಲಾಸ್ಕೆಸ್ 1656ರಲ್ಲಿ ಬರೆದ 'ಲಾಸ್ ಮೆನಿನಾಸ್' ಚಿತ್ರಕ್ಕೆ ದೂರದಿಂದ ಹತ್ತಿರಕ್ಕೆ ನಡೆಯಬೇಕು, ಹತ್ತಿರ ಹೋದಂತೆ ರೇಷ್ಮೆಯ ತೋಳು ಕರಗಿ ಬರಿಯ ಕುಂಚದ ಗೀರುಗಳಾಗುತ್ತದೆ. ರವೆನ್ನಾದಲ್ಲಿ ಅಕ್ಕಪಕ್ಕಕ್ಕೆ ಸರಿಯಬೇಕು, ಚಿನ್ನದ ಗಾಜಿನ ಚೂರುಗಳನ್ನು ಬೇರೆ ಬೇರೆ ಓರೆಯಲ್ಲಿ ಕೂರಿಸಿರುವುದರಿಂದ ನೋಡುವವರು ಸರಿದಂತೆ ಹೊಳಪು ಗೋಡೆಯ ಮೇಲೆ ಓಡಾಡುತ್ತದೆ. ಎಲ್ಲೋರಾದ ಕೈಲಾಸವನ್ನು ಅಂಗಳದಿಂದ ನೋಡಿದ ಮೇಲೆ, ದಾರಿ ತೆರೆದಿದ್ದರೆ, ಬಂಡೆಯ ಮೇಲಂಚಿನಿಂದ ಕೆಳಕ್ಕೆ ನೋಡಬೇಕು. ಆಗಲೇ ಅದು ಕಟ್ಟಿದ ಗುಡಿಯಲ್ಲ, ಕಡೆದ ಗುಡಿ ಎಂಬುದು ಮನದಟ್ಟಾಗುವುದು.

ಫೋಟೊ ತೆಗೆಯುವುದನ್ನು ಕೊನೆಗೆ ಇಟ್ಟುಕೊಳ್ಳಿ, ಅದೂ ಅನುಮತಿ ಇದ್ದಲ್ಲಿ ಮಾತ್ರ. ಸಿಸ್ಟೀನ್ ಮಂದಿರದಲ್ಲಿ ಫೋಟೊ ಪೂರ್ತಿ ನಿಷಿದ್ಧ, ಅಜಂತಾದಲ್ಲಿ ಫ್ಲಾಶ್ ನಿಷಿದ್ಧ. ಒಂದು ಸಣ್ಣ ಪುಸ್ತಕದಲ್ಲಿ ಕೃತಿಗೆ ನಾಲ್ಕು ಸಾಲು ಬರೆಯುವುದು ಫೋಟೊಗಿಂತ ಹೆಚ್ಚು ಕಾಲ ಉಳಿಯುತ್ತದೆ: ನಿಂತ ಜಾಗ, ಬೆಳಕು ಬಂದ ದಿಕ್ಕು, ಮೊದಲು ಕಣ್ಣಿಗೆ ಬಿದ್ದದ್ದು, ಉತ್ತರ ಸಿಗದ ಒಂದು ಪ್ರಶ್ನೆ.

ತಾಣಕ್ಕೆ ಹಾನಿಯಾಗದಂತೆ

ನಮ್ಮ ಉಸಿರು ಕೂಡ ಚಿತ್ರಕ್ಕೆ ಪೆಟ್ಟು ಎಂಬುದಕ್ಕೆ ಲಾಸ್ಕೋ ಸಾಕ್ಷಿ. 1940ರಲ್ಲಿ ಪತ್ತೆಯಾದ, ಆದಿಮಾನವರು ಬರೆದ ಚಿತ್ರಗಳಿರುವ ಫ್ರಾನ್ಸಿನ ಈ ಗುಹೆಯನ್ನು, ಸಂದರ್ಶಕರ ಉಸಿರಿನ ಇಂಗಾಲದ ಡೈಆಕ್ಸೈಡ್, ತೇವ ಮತ್ತು ಪಾಚಿಯ ಕಾರಣದಿಂದ 1963ರಲ್ಲಿ ಸಾರ್ವಜನಿಕರಿಗೆ ಮುಚ್ಚಲಾಯಿತು. ಈಗ ಜನ ನೋಡುವುದು 1983 ಮತ್ತು 2016ರಲ್ಲಿ ತೆರೆದ ಪ್ರತಿಕೃತಿಗಳನ್ನು. 1994ರಲ್ಲಿ ಪತ್ತೆಯಾದ ಶೋವೆ ಗುಹೆಯನ್ನು ಸಾರ್ವಜನಿಕರಿಗೆ ತೆರೆಯಲೇ ಇಲ್ಲ. ಪ್ರತಿಕೃತಿಯನ್ನು ನೋಡುವುದು ಮೋಸ ಹೋದಂತೆ ಎಂದು ಕೆಲವರು ಬೇಸರಪಡುತ್ತಾರೆ. ಬಂಡೆಯ ಉಬ್ಬುತಗ್ಗುಗಳನ್ನು ಪ್ರಾಣಿಯ ಮೈಯಾಗಿ ಬಳಸಿಕೊಂಡ ಕೈಚಳಕ ಒಳ್ಳೆಯ ಪ್ರತಿಕೃತಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಆದ್ದರಿಂದ ಅದನ್ನು ದಿನಚರಿಯಿಂದ ತೆಗೆಯಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಶಿಲ್ಪವನ್ನು ಮುಟ್ಟಬಾರದು, ಬೆನ್ನಚೀಲವನ್ನು ಮುಂದಕ್ಕೆ ಹಾಕಿಕೊಳ್ಳಬೇಕು, ಗೋಡೆಗೆ ಒರಗಬಾರದು. ಪೂಜೆ ಪ್ರಾರ್ಥನೆ ನಡೆಯುವ ತಾಣಗಳಲ್ಲಿ ಹೆಗಲು ಮತ್ತು ಮೊಣಕಾಲು ಮುಚ್ಚುವ ಉಡುಪು ಇರಲಿ, ತಲೆಗೆ ಹೊದೆಯಲು ಒಂದು ವಸ್ತ್ರ ಚೀಲದಲ್ಲಿರಲಿ. 537ರಲ್ಲಿ ಕಟ್ಟಿ ಮುಗಿಸಿದ ಇಸ್ತಾಂಬುಲ್‌ನ ಹಗಿಯಾ ಸೋಫಿಯಾ 2020ರಿಂದ ಮತ್ತೆ ಮಸೀದಿಯಾಗಿದೆ, ಪ್ರಾರ್ಥನೆಯ ಹೊತ್ತನ್ನು ನೋಡಿಕೊಂಡು ಹೋಗಬೇಕು. ಬೊರೊಬುದೂರ್‌ನ ಮೇಲಿನ ಅಂತಸ್ತುಗಳಿಗೆ ಈಗ ನಿಗದಿತ ಸಂಖ್ಯೆಯವರನ್ನು, ಮಾರ್ಗದರ್ಶಕರೊಂದಿಗೆ, ಕಲ್ಲು ಸವೆಯದಂಥ ವಿಶೇಷ ಚಪ್ಪಲಿ ಹಾಕಿಸಿ ಹತ್ತಿಸುತ್ತಾರೆ.

ಗುಂಪಿನೊಳಗೆ

ಹೊತ್ತು ಪಾಲಿಸುವುದು ಇಲ್ಲಿ ಸೌಜನ್ಯದ ಮಾತಷ್ಟೇ ಅಲ್ಲ, ಒಬ್ಬರು ಹತ್ತು ನಿಮಿಷ ತಡಮಾಡಿದರೆ ಎಲ್ಲರ ಟಿಕೆಟಿನ ಸರದಿ ಹೋಗಬಹುದು. ಪ್ರತಿ ಕೃತಿಯ ಮುಂದೆ ನಿಲ್ಲುವ ಜಾಗವನ್ನು ಬದಲಿಸುತ್ತಿರಿ, ನಿನ್ನೆ ಮುಂದೆ ನಿಂತವರು ಇಂದು ಹಿಂದೆ ನಿಲ್ಲಲಿ. ಪ್ರಶ್ನೆಗಳಲ್ಲಿ ಎದುರಿಗಿರುವ ಕೃತಿಯ ಬಗ್ಗೆ ಇರುವುದನ್ನು ಅಲ್ಲಿಯೇ ಕೇಳಿ, ಉಳಿದದ್ದನ್ನು ಊಟದ ಮೇಜಿಗೆ ಇಟ್ಟುಕೊಳ್ಳಿ. ರಾತ್ರಿ ಊಟದ ನಂತರ ಇಪ್ಪತ್ತು ನಿಮಿಷ ಆ ದಿನ ನೋಡಿದ್ದರ ಬಗ್ಗೆ ಎಲ್ಲರೂ ಮಾತಾಡುವ ರೂಢಿಯನ್ನು ಮೊದಲ ದಿನವೇ ಹಾಕಿಕೊಂಡ ಗುಂಪುಗಳು ಕೊನೆಯ ದಿನದ ಹೊತ್ತಿಗೆ ಬಹಳ ಸೂಕ್ಷ್ಮವಾಗಿ ನೋಡುತ್ತವೆ.

ಮರಳಿದ ಮೇಲೆ

ಒಂದು ವಾರದೊಳಗೆ ಟಿಪ್ಪಣಿಗಳನ್ನು ಶುದ್ಧವಾಗಿ ಬರೆದಿಡಿ, ಫೋಟೊಗಳಿಗೆ ಊರು, ಕಟ್ಟಡ ಮತ್ತು ಗೋಡೆಯ ದಿಕ್ಕನ್ನು ಹೆಸರಾಗಿ ಕೊಡಿ. ದಿಕ್ಕು ಬರೆಯದ ಭಿತ್ತಿಚಿತ್ರದ ಫೋಟೊ ಎರಡು ವರ್ಷದ ನಂತರ ಯಾವ ಗೋಡೆಯದೆಂದು ತಿಳಿಯುವುದಿಲ್ಲ. ಪ್ರವಾಸ ಸಂಸ್ಥೆಗೆ ಒಂದು ಪತ್ರ ಬರೆಯಿರಿ. ಚೆನ್ನಾಗಿತ್ತು ಎಂಬ ಮಾತಿನಿಂದ ಅವರಿಗೆ ಉಪಯೋಗವಿಲ್ಲ. ಯಾವ ತಾಣದಲ್ಲಿ ಸಮಯ ಸಾಲಲಿಲ್ಲ, ಎಲ್ಲಿ ಹೆಚ್ಚಾಯಿತು, ಯಾವ ಕೃತಿಯನ್ನು ಯಾವ ಹೊತ್ತಿನಲ್ಲಿ ನೋಡಿದ್ದರೆ ಬೆಳಕು ಸರಿಯಿರುತ್ತಿತ್ತು ಎಂಬುದನ್ನು ತಿಳಿಸಿ, ತಜ್ಞರ ಕೆಲಸ ಮೆಚ್ಚಿಗೆಯಾಗಿದ್ದರೆ ಅವರ ಹೆಸರನ್ನು ಹಿಡಿದು ಬರೆಯಿರಿ. ಹಾಗೆ ಬರೆದ ಪತ್ರಗಳ ಆಧಾರದ ಮೇಲೆಯೇ ಮುಂದಿನ ಗುಂಪಿಗೆ ಅದೇ ತಜ್ಞರನ್ನು ಕರೆಯಬೇಕೋ ಬೇಡವೋ ಎಂದು ಸಂಸ್ಥೆಗಳು ನಿರ್ಧರಿಸುವುದುಂಟು.